ಇಯರ್‌ಫೋನಿನಲ್ಲಿ ಮಾತು ಸರಿಯಾಗಿದೆ, ಮೊಬೈಲ್ ಸ್ಪೀಕರಿನಲ್ಲಿ ಮಾಯ

ಕೆಮ್ಮಣ್ಣು, ಸಾಗರ:
ಹಸೆ ಚಿತ್ತಾರ (ನಮ್ಮ ಮಲೆನಾಡಿನ ಗೋಡೆ ಚಿತ್ರಕಲೆ) ಕಲಿಸುವ ಆನ್‌ಲೈನ್ ಕೋರ್ಸಿಗೆ 11 ಪಾಠ ಚಿತ್ರೀಕರಿಸಿದ್ದೇನೆ. ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಗೆರೆ ಎಳೆಯುವುದೂ ಸ್ಪಷ್ಟವಾಗಿ ಕಾಣುತ್ತದೆ. ತೊಂದರೆ ಧ್ವನಿಯದು. ಇಯರ್‌ಫೋನ್ ಹಾಕಿಕೊಂಡರೆ ಎಲ್ಲವೂ ಕೇಳುತ್ತದೆ. ಕಲಿಯುವವರ ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ನನ್ನ ಮಾತೇ ಇಲ್ಲ. ಹಿನ್ನೆಲೆಗೆ ಸೇರಿಸಿದ ನಮ್ಮ ಅತ್ತೆಯ ಹಾಡು ಮಾತ್ರ ಜೋರಾಗಿ ಬರುತ್ತದೆ. "ಸೊಸೆ ಬಾಯಿ ಆಡಿಸುತ್ತಾಳೆ, ಅತ್ತೆ ಹಾಡುತ್ತಾರೆ" ಎಂದು ಮನೆಯಲ್ಲಿ ನಗುತ್ತಿದ್ದಾರೆ.

ಮಳೆಹನಿ:
ವಾಲ್ಯೂಮ್ ಹೆಚ್ಚಿಸಿ ಮತ್ತೆ ಅಪ್‌ಲೋಡ್ ಮಾಡಿ ನೋಡಿ.

ಕೆಮ್ಮಣ್ಣು, ಸಾಗರ:
ಎರಡು ಸಲ ಮಾಡಿದೆ. ಅತ್ತೆಯ ಧ್ವನಿ ಇನ್ನೂ ಜೋರಾಯಿತು.

ಬೆಸುಗೆ, ತೀರ್ಥಹಳ್ಳಿ:
ಅಕ್ಕಾ, ಹಾಡನ್ನು ಮೊಬೈಲಿನಲ್ಲಿ, ಮಾತನ್ನು ಬೇರೆ ಮೈಕಿನಲ್ಲಿ ರೆಕಾರ್ಡ್ ಮಾಡಿದಿರಾ? ಆ ಮೈಕಿನ ತಂತಿಯ ಒಂದು ತುದಿಯಲ್ಲಿ ಮೂರು ಪಿನ್ನಿನ ಕನೆಕ್ಟರ್, ಇನ್ನೊಂದು ತುದಿಯಲ್ಲಿ ಕ್ಯಾಮೆರಾಕ್ಕೆ ಚುಚ್ಚುವ 3.5 ಮಿ.ಮೀ. ಪಿನ್ ಇದೆಯೇ?

ಕೆಮ್ಮಣ್ಣು, ಸಾಗರ:
ಹೌದು! ಮದುವೆ ಮನೆಗೆ ಮೈಕ್ ಹಾಕುವವರಿಂದ ತಂದದ್ದು.

ಬೆಸುಗೆ, ತೀರ್ಥಹಳ್ಳಿ:
ಹಾಗಾದರೆ ಕಳ್ಳ ಸಿಕ್ಕಿದ. ಅಂಥ ಮೈಕ್ ಒಂದೇ ಧ್ವನಿಯನ್ನು ಎರಡು ತಂತಿಗಳಲ್ಲಿ ಕಳುಹಿಸುತ್ತದೆ, ಒಂದು ನೇರ, ಇನ್ನೊಂದು ಉಲ್ಟಾ. ಕ್ಯಾಮೆರಾ ಅದನ್ನು ಸ್ಟೀರಿಯೊ ಎಂದುಕೊಂಡು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿತು. ಇಯರ್‌ಫೋನಿನಲ್ಲಿ ಎರಡೂ ಬೇರೆ ಬೇರೆ ಕಿವಿಗೆ ಹೋಗುತ್ತವೆ. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಎರಡೂ ಕೂಡಿ ಸೊನ್ನೆಯಾಗುತ್ತವೆ. ಹಾಡು ಆ ತಂತಿಯಲ್ಲಿ ಬಂದದ್ದಲ್ಲ, ಹಾಗಾಗಿ ಉಳಿಯಿತು.

ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ತೆರೆದು, ಮಾತಿನ ಒಂದು ಅಕ್ಷರವನ್ನು ತುಂಬ ಹಿಗ್ಗಿಸಿ ನೋಡಿ. ಮೇಲಿನ ಅಲೆ ಏರುವಲ್ಲಿ ಕೆಳಗಿನದು ಇಳಿಯುತ್ತಿದ್ದರೆ, ಕೆರೆ ದಡದ ಅಡಿಕೆ ಮರ ಮತ್ತು ನೀರಿನಲ್ಲಿನ ಅದರ ಬಿಂಬದ ಹಾಗೆ, ಇದೇ ರೋಗ. ಟ್ರ್ಯಾಕಿನ ಮೆನುವಿನಲ್ಲಿ ಸ್ಟೀರಿಯೊವನ್ನು ಎರಡು ಮೊನೊ (ಒಂಟಿ) ಟ್ರ್ಯಾಕುಗಳಾಗಿ ಒಡೆದು, ಕೆಳಗಿನದನ್ನು ಅಳಿಸಿಬಿಡಿ. ಸಂಕಲನವನ್ನು ಮೊದಲಿನಿಂದ ಮಾಡಬೇಕಿಲ್ಲ. ಉಳಿಯುವ ಮೇಲಿನ ಎಡ ಚಾನೆಲ್ಲಿನಲ್ಲಿ ಮಾತೂ ಇದೆ, ಹಾಡೂ ಇದೆ.

ಕೆಮ್ಮಣ್ಣು, ಸಾಗರ:
ಆಡಾಸಿಟಿ ನನ್ನ ಎಂಪಿ4 ಕಡತವನ್ನು ತೆರೆಯುವುದಿಲ್ಲ ಎಂದಿತು.

ಬೆಸುಗೆ, ತೀರ್ಥಹಳ್ಳಿ:
ಅದು ಎಂಪಿ4 ಓದಲು ಎಫ್‌ಎಫ್‌ಎಂಪೆಗ್ ಎಂಬ ಪೂರಕ ಲೈಬ್ರರಿಯನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಮುಂದಿನ ಪಾಠಗಳಿಗೆ ತಂತಿಯನ್ನೇ ಸರಿಪಡಿಸಿ: ಮೂರು ಪಿನ್ನಿನ ಕನೆಕ್ಟರಿನ 2ನೇ ಪಿನ್ನು ಎಡ, ಬಲ ಎರಡಕ್ಕೂ, 3ನೆಯದು 1ರ ಜೊತೆ ಗ್ರೌಂಡಿಗೆ. ಹತ್ತು ನಿಮಿಷದ ಬೆಸುಗೆ ಕೆಲಸ. ಸಾಮಾನ್ಯ ಡೈನಾಮಿಕ್ ಮೈಕಿಗೆ ಮಾತ್ರ ಇದು. ಹೊರಗಿನಿಂದ ವಿದ್ಯುತ್ ಬೇಕಾಗುವ ಕಂಡೆನ್ಸರ್ ಮೈಕಿಗೆ ಬೇಡ.

ಮಳೆಹನಿ:
ಇದೇ ಕೋರ್ಸ್ ನೋಡುತ್ತಿದ್ದೇನೆ. ನಮ್ಮ ಊರಿನಲ್ಲಿ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ವೀಡಿಯೊ ಪೂರ್ತಿ ಇಳಿಯುವ ತನಕ ಶುರುವೇ ಆಗುವುದಿಲ್ಲ.

ಬೆಸುಗೆ, ತೀರ್ಥಹಳ್ಳಿ:
ವೀಡಿಯೊ ಶುರುವಾಗಲು ಮೊದಲು ಓದಬೇಕಾದ ಕಡತದ ವಿವರಪಟ್ಟಿ ಕೊನೆಯಲ್ಲಿ ಕುಳಿತಿರಬೇಕು. ಅಕ್ಕಾ, ಹ್ಯಾಂಡ್‌ಬ್ರೇಕ್ ಎಂಬ ವೀಡಿಯೊ ಪರಿವರ್ತಿಸುವ ತಂತ್ರಾಂಶದಲ್ಲಿ ವೆಬ್ ಆಪ್ಟಿಮೈಸ್ಡ್ ಎಂಬಲ್ಲಿ ಗುರುತು ಹಾಕಿ ಹೊರತೆಗೆದರೆ ಅದು ಮೊದಲಿಗೆ ಬರುತ್ತದೆ.

ಕೆಮ್ಮಣ್ಣು, ಸಾಗರ:
ಮೂರನೇ ಪಾಠ ಸರಿಯಾಯಿತು. ಅತ್ತೆಯ ಮೊಬೈಲಿನಲ್ಲೇ ಹಾಕಿ ಕೇಳಿಸಿದೆ. "ಈಗ ನನ್ನ ಹಾಡೇ ಕೇಳುವುದಿಲ್ಲ" ಎನ್ನುತ್ತಿದ್ದಾರೆ. ಅದಕ್ಕೆ ವಾಲ್ಯೂಮ್ ಸಾಕು.