ಹಳೆಯ ಪಿಕಪ್‌ಗೆ ಗುಜರಿಯ ಹಿಂದಿನ ಆಕ್ಸಲ್: ಮೇಸ್ತ್ರಿಗಳೊಂದಿಗೆ ಪ್ರಶ್ನೋತ್ತರ

ಸಾಗರದ ಹೆಗಡೆ: ನಮಸ್ಕಾರ ಮೇಸ್ತ್ರಿಗಳೇ. ನನ್ನ ಹಳೆಯ ಟಾಟಾ 207ರ ಹಿಂದಿನ ಆಕ್ಸಲ್ ಹೌಸಿಂಗ್ (ಹೊರಗಿನ ಕವಚ) ಬಿರುಕು ಬಿಟ್ಟಿದೆ. ಶಿವಮೊಗ್ಗದ ಗುಜರಿಯೊಂದರಲ್ಲಿ ಡ್ರಮ್ಮಿನಿಂದ ಡ್ರಮ್ಮಿನವರೆಗೆ ಪೂರ್ತಿ ಆಕ್ಸಲ್ ಇದೆಯೆಂದು ತಿಳಿಯಿತು. ಹಣ ಕೊಡುವ ಮೊದಲು ಏನೇನು ನೋಡಬೇಕೆಂದು ದಯವಿಟ್ಟು ತಿಳಿಸಿ.

ಮೇಸ್ತ್ರಿ: ನಮಸ್ಕಾರ ಹೆಗಡೆಯವರೇ. ಮೊದಲು ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿಸಿ, ಬರುವ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ. ನುಣ್ಣನೆಯ ಬೂದು ಕೆಸರು ಬಂದರೆ ಅದು ಸಹಜ ಸವೆತ, ಆದರೆ ಉಗುರಿಗೆ ಸಿಗುವ ಕಬ್ಬಿಣದ ಚೂರು ಬಂದರೆ ಅಲ್ಲಿಂದಲೇ ಹಿಂತಿರುಗಿ. ಎಣ್ಣೆಯೇ ಇಲ್ಲದಿದ್ದರೆ, ನಿಮಗಿಂತ ಮೊದಲೇ ಯಾರೋ ನೋಡಿ ಬೇಡವೆಂದು ಬಿಟ್ಟು ಹೋಗಿರುವ ಸಂಭವವೂ ಇದೆ. ಅನಂತರ ಒಳಗಿನ ದೊಡ್ಡ ಹಲ್ಲಿನ ಚಕ್ರವಾದ ಕ್ರೌನನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಪ್ರತಿಯೊಂದು ಹಲ್ಲನ್ನೂ ಟಾರ್ಚ್ ಹಾಕಿ ನೋಡಬೇಕು; ಬಹಳ ಕಾಲ ಒಂದೇ ಭಂಗಿಯಲ್ಲಿ ಬಿದ್ದಿದ್ದ ಆಕ್ಸಲ್‌ನಲ್ಲಿ ನೀರು ನಿಂತ ಮಟ್ಟಕ್ಕೆ ಸರಿಯಾಗಿ ಗೆರೆ ಎಳೆದಂತೆ ತುಕ್ಕು ಹಿಡಿದಿರುತ್ತದೆ, ಅಲ್ಲಿನ ಹಲ್ಲುಗಳಲ್ಲಿ ಗುಳಿ ಬಿದ್ದಿದ್ದರೆ ಆ ಸದ್ದು ಎಂದಿಗೂ ಹೋಗುವುದಿಲ್ಲ. ಟೇಪನ್ನೂ ಒಯ್ಯಿರಿ. ಎರಡು ಕಮಾನು ಪ್ಲೇಟುಗಳು ಕೂರುವ ಜಾಗಗಳ ನಡುವಿನ ಅಂತರ, ಡ್ರಮ್ ಮುಖದಿಂದ ಮುಖಕ್ಕಿರುವ ಅಗಲ, ಚಕ್ರದ ಬೋಲ್ಟುಗಳ ಸಂಖ್ಯೆ ಮತ್ತು ಅಂತರ, ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಸುವ ಜಾಗ ಇವೆಲ್ಲವೂ ನಿಮ್ಮ ಹಳೆಯದಕ್ಕೆ ತಾಳೆಯಾಗಬೇಕು. ಬಿಲ್ಲು ಕೊಡದವರ ಬಳಿ ಕೊಳ್ಳಬೇಡಿ.

ಭದ್ರಾವತಿಯ ಸದಸ್ಯ: ಒಂದು ಪೂರ್ತಿ ಆಕ್ಸಲ್‌ಗೆ ಎಷ್ಟು ದರ ಆಗಬಹುದು ಸರ್?

ಮೇಸ್ತ್ರಿ: ವಸ್ತುವನ್ನು ನೋಡದೆ ದರ ಹೇಳುವುದಿಲ್ಲ.

ತೀರ್ಥಹಳ್ಳಿಯ ಗೌಡ: ನಮ್ಮ ತೋಟಕ್ಕೆ ಹೋಗಲು ಹಳ್ಳ ದಾಟಬೇಕು. ಗುಜರಿಯಿಂದ ತಂದು ಹಾಕಿಸಿದ ಆಕ್ಸಲ್‌ನಲ್ಲಿ ಪ್ರತಿ ಮಳೆಗಾಲವೂ ಎಣ್ಣೆ ಹಾಲಿನಂತಾಗುತ್ತದೆ. ಆಯಿಲ್ ಸೀಲ್ ಬದಲಾಯಿಸಿದರೂ ಮತ್ತೆ ಅದೇ ಕಥೆ. ಸೀಲ್ ನಕಲಿಯೇ?

ಮೇಸ್ತ್ರಿ: ಸೀಲನ್ನು ಬೈಯುವ ಮೊದಲು ಹೌಸಿಂಗ್‌ನ ಮೇಲ್ಭಾಗದಲ್ಲಿರುವ ಬ್ರೀದರ್, ಅಂದರೆ ಗಾಳಿ ಆಡುವ ಕಿಂಡಿಯನ್ನು ನೋಡಿ ಗೌಡರೇ. ಘಾಟಿ ಹತ್ತಿ ಬಂದ ಆಕ್ಸಲ್ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ಅದು ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲಿನ ತುಟಿಯ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ, ಏಕೆಂದರೆ ಆ ಸೀಲ್ ಇರುವುದು ಎಣ್ಣೆಯನ್ನು ಒಳಗೆ ಹಿಡಿಯಲು, ಹಳ್ಳವನ್ನು ಹೊರಗೆ ತಡೆಯಲು ಅಲ್ಲ. ಬ್ರೀದರ್ ತೆಗೆದು ಸ್ವಚ್ಛಗೊಳಿಸಿ, ಅದಕ್ಕೊಂದು ರಬ್ಬರ್ ಪೈಪ್ ಜೋಡಿಸಿ ಬಾಡಿಯ ಎತ್ತರಕ್ಕೆ ಕಟ್ಟಿಸಿ. ನೀರು ಕಂಡ ಎಣ್ಣೆಯನ್ನು ಮಳೆಗಾಲ ಮುಗಿಯುವ ತನಕ ಬಿಡದೆ ಈಗಲೇ ಚೆಲ್ಲಿಸಿ.

ಶಿಕಾರಿಪುರದ ಸದಸ್ಯ: ಬೇರೆ ಗುಂಪಿನಿಂದ ಬಂದ ಸಂದೇಶ ಇದು, ಎಲ್ಲರಿಗೂ ಉಪಯೋಗವಾಗಲಿ. «ಗುಜರಿ ಆಕ್ಸಲ್ ಗುಂಯ್ ಎಂದು ಕೂಗುತ್ತಿದ್ದರೆ ಎಣ್ಣೆಯ ಜೊತೆ ಎರಡು ಹಿಡಿ ಮರದ ಪುಡಿ ಅಥವಾ ಕಳಿತ ಬಾಳೆಹಣ್ಣು ಹಾಕಿ, ಸದ್ದು ನಿಲ್ಲುತ್ತದೆ. ತಪ್ಪದೆ ಹಂಚಿಕೊಳ್ಳಿ.»

ಮೇಸ್ತ್ರಿ: ಸದ್ದು ನಿಲ್ಲುವುದು ನಿಜ, ಮಾರುವವನು ಹಣ ಎಣಿಸಿಕೊಂಡು ಮುಗಿಸುವ ತನಕ ಮಾತ್ರ. ಆ ಪುಡಿ ಎಣ್ಣೆಯನ್ನು ಹೀರಿ, ಕ್ರೌನನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್ನಿನ ಬೇರಿಂಗಿಗೆ ಎಣ್ಣೆ ಹೋಗುವ ದಾರಿಯನ್ನು ಕಟ್ಟುತ್ತದೆ, ಮುಂದೆ ಬೇರಿಂಗ್ ಸುಟ್ಟು ಹಿಡಿದುಕೊಂಡರೆ ಓಡುತ್ತಿರುವ ಗಾಡಿಯ ಹಿಂಚಕ್ರಗಳೇ ಕಟ್ಟಿಕೊಳ್ಳಬಹುದು. ದಯವಿಟ್ಟು ಇಂಥವನ್ನು ಇಲ್ಲಿ ಹಾಕಬೇಡಿ.

ಕೊಪ್ಪದ ಚಾಲಕ: ನಮ್ಮ ದೊಡ್ಡಪ್ಪನವರ ಜೀಪಿಗೆ ಮರದ ಪುಡಿಯನ್ನೇ ಹಾಕಿದ್ದರು, ವರ್ಷಗಟ್ಟಲೆ ಓಡಿತು. ಹಳಬರು ಮಾಡಿದ್ದನ್ನೆಲ್ಲ ಹೀಗೆ ತಳ್ಳಿಹಾಕುವುದು ಸರಿಯಲ್ಲ.

ಸಾಗರದ ಹೆಗಡೆ: ಓಡಿದ್ದು ಪುಡಿಯಿಂದಲೋ ಪುಡಿಯಿದ್ದರೂ ಸಹಿತವೋ ಎಂದು ನೋಡಿದವರಾರು? ಬೇಡದ ಜೀಪನ್ನು ಇನ್ನೊಬ್ಬರ ತಲೆಗೆ ಕಟ್ಟುವವರ ಉಪಾಯ ಅದು.

ಕೊಪ್ಪದ ಚಾಲಕ: ನಮ್ಮ ಮನೆಯವರನ್ನು ಮೋಸಗಾರರೆಂದು ಹೇಳುತ್ತಿದ್ದೀರಾ? ಆ ಜೀಪನ್ನು ನಾವು ಮಾರಲೇ ಇಲ್ಲ. ನೀವು ಮೊದಲು ನಿಮ್ಮ ಬಿರುಕು ಬಿಟ್ಟ ಹೌಸಿಂಗ್ ನೋಡಿಕೊಳ್ಳಿ.

ಸಾಗರದ ಹೆಗಡೆ: ನೋಡಿಕೊಳ್ಳುವುದಕ್ಕೇ ಇಲ್ಲಿ ಕೇಳಿದ್ದು. ನೀವೇ ನಡುವೆ ಬಂದಿರಿ.

ಶಿರಾಳಕೊಪ್ಪದ ಸದಸ್ಯ: ಶಿವಮೊಗ್ಗಕ್ಕಿಂತ ಬೆಂಗಳೂರಿನ ಶಿವಾಜಿನಗರದಲ್ಲಿ ಆಯ್ಕೆ ಹೆಚ್ಚು. ಇಲ್ಲಿ ಏಕೆ ಹುಡುಕುತ್ತೀರಿ?

ಭದ್ರಾವತಿಯ ಸದಸ್ಯ: ಅಲ್ಲಿಂದ ತರುವ ಲಾರಿ ಬಾಡಿಗೆಯನ್ನು ನೀವು ಕೊಡುತ್ತೀರಾ? ಸರಿಯಿಲ್ಲದಿದ್ದರೆ ಹಿಂದಿರುಗಿಸಲು ಮತ್ತೆ ಹೋಗುವವರು ಯಾರು? ಮೇಸ್ತ್ರಿಗಳೇ, ಅಂದಾಜು ದರವಾದರೂ ಹೇಳಿ.

ಮೇಸ್ತ್ರಿ: ಹೇಳಿದ್ದಾಗಿದೆ.

ಹೊಸನಗರದ ಭಟ್ಟ: ನನ್ನದು ಹಳೆಯ ಫೋರ್‌ವೀಲ್ ಪಿಕಪ್. ಹಿಂದಿನ ಹೌಸಿಂಗ್ ಬಾಗಿದ್ದರಿಂದ ಕಳೆದ ಬೇಸಿಗೆಯಲ್ಲಿ ಗುಜರಿಯ ಆಕ್ಸಲ್ ಕೂರಿಸಿದೆವು. ಅಳತೆಗಳೆಲ್ಲ ಸರಿಯಿದ್ದವು, ಸದ್ದೂ ಇಲ್ಲ. ಈಗ ಮಳೆ ಹಿಡಿದ ಮೇಲೆ ಹುಲಿಕಲ್ ಘಾಟಿಯಲ್ಲಿ ಫೋರ್‌ವೀಲ್ ಹಾಕಿದರೆ ತಿರುವುಗಳಲ್ಲಿ ಸ್ಟೇರಿಂಗ್ ಕೇಳುವುದಿಲ್ಲ, ಗಾಡಿ ನೇರಕ್ಕೆ ಹೋಗಲು ನೋಡುತ್ತದೆ. ಲಿವರ್ ಹಿಂದಕ್ಕೆ ಬರುವುದಿಲ್ಲ, ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ಮಾತ್ರ ಬಿಡುತ್ತದೆ. ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ತೊಂದರೆಯೆಂದರೆ ಮೀಟರ್ ಕೇಬಲ್ ಸವೆದಿರಬೇಕು: ಪೇಟೆಗೆ 20 ಕಿಲೋಮೀಟರ್ ತೋರಿಸುತ್ತಿದ್ದದ್ದು ಈಗ 18 ತೋರಿಸುತ್ತದೆ.

ಮೇಸ್ತ್ರಿ: ಭಟ್ಟರೇ, ಇದನ್ನು ಓದಿದ ಕೂಡಲೇ ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಹಾಕುವುದನ್ನು ನಿಲ್ಲಿಸಿ. ನೀವು ಸಂಬಂಧವಿಲ್ಲವೆಂದ ಮೀಟರೇ ರೋಗವನ್ನು ಹೇಳುತ್ತಿದೆ. ಕೇಬಲ್ ಸವೆದರೆ ಮುಳ್ಳು ಕುಣಿಯುತ್ತದೆ ಅಥವಾ ಸಾಯುತ್ತದೆ. ಪ್ರತಿ ಸಲವೂ ಅಷ್ಟೇ ಲೆಕ್ಕದಲ್ಲಿ ಕಡಿಮೆ ತೋರಿಸುವುದಿಲ್ಲ. ಮೀಟರಿಗೆ ತಿರುಗುವಿಕೆ ಹೋಗುವುದು ಆಕ್ಸಲ್‌ಗಿಂತ ಮುಂಚೆ, ಆಕ್ಸಲ್‌ಗೆ ಶಕ್ತಿ ಒಯ್ಯುವ ಶಾಫ್ಟಿನ ಕಡೆಯಿಂದ, ಆದ್ದರಿಂದ ಹಿಂದಿನ ಕ್ರೌನ್ ಪಿನಿಯನ್ ಅನುಪಾತ ಬದಲಾದರೆ ಮೀಟರ್ ಅದೇ ಪ್ರಮಾಣದಲ್ಲಿ ತಪ್ಪುತ್ತದೆ. ಹಳೆಯದರ ಕ್ರೌನಿನಲ್ಲಿ 43, ಪಿನಿಯನ್ನಿನಲ್ಲಿ 8 ಹಲ್ಲಿದ್ದವೆಂದು ಇಟ್ಟುಕೊಳ್ಳಿ, ಅನುಪಾತ 5.375. ತಂದದ್ದರಲ್ಲಿ 39 ಮತ್ತು 8 ಇದ್ದರೆ 4.875. ನಿಮ್ಮ 20 ಕಿಲೋಮೀಟರ್ ಆಗ 18ರ ಸುಮಾರಿಗೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಹೌಸಿಂಗ್ ಒಂದೇ.

ಎರಡೇ ಚಕ್ರದಲ್ಲಿ ಓಡಿಸುವಾಗ ಇದರಿಂದ ಎಳೆತ ಸ್ವಲ್ಪ ಕಡಿಮೆಯಾಗುವುದಷ್ಟೇ ತೊಂದರೆ. ಫೋರ್‌ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ಕಟ್ಟುಬೀಳುತ್ತವೆ, ಮುಂದಿನ ಆಕ್ಸಲ್‌ನ ಅನುಪಾತ ಮಾತ್ರ ಹಳೆಯದೇ, ಆಗ ಹಿಂದಿನ ಚಕ್ರ ಹತ್ತು ಸುತ್ತು ಹಾಕುವಾಗ ಮುಂದಿನದಕ್ಕೆ ಒಂಬತ್ತಕ್ಕಿಂತ ತುಸು ಹೆಚ್ಚು ಸುತ್ತಷ್ಟೇ ಸಿಗುತ್ತದೆ. ಕೆಸರಿನಲ್ಲಿ ಟೈರು ಜಾರಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಡಾಂಬರಿನಲ್ಲಿ ಹಾಗೆ ಜಾರಲಾಗದೆ ಬಿಗಿತವೆಲ್ಲ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಶಾಫ್ಟಿನ ಕೀಲುಗಳಾದ ಕ್ರಾಸ್‌ಗಳ ಮೇಲೆ ಕೂರುತ್ತದೆ, ಲಿವರ್ ಹಿಡಿದುಕೊಳ್ಳುವುದು ಅದಕ್ಕೇ. ಮಳೆ ಬಿದ್ದ ಘಾಟಿಯ ಇಳಿಜಾರಿನಲ್ಲಂತೂ ಮುಂದಿನ ಟೈರುಗಳು ಉಜ್ಜಿಕೊಂಡೇ ಹೋಗುತ್ತಿರುವುದರಿಂದ ತಿರುಗಲು ಅವುಗಳಲ್ಲಿ ಹಿಡಿತ ಉಳಿದಿರುವುದಿಲ್ಲ.

ಖಚಿತಪಡಿಸಿಕೊಳ್ಳಲು ಆಕ್ಸಲ್ ಬಿಚ್ಚಬೇಕಾಗಿಲ್ಲ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದೇ ಚಕ್ರವನ್ನು ಎತ್ತಿ ಸ್ಟ್ಯಾಂಡ್ ಕೊಡಿ. ಆ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟಿಗೆ ಸುಣ್ಣದ ಗುರುತು ಹಾಕಿ ಅದು ಎಷ್ಟು ಸುತ್ತು ತಿರುಗಿತೆಂದು ಎಣಿಸಿ. ಮುಂದೆಯೂ ಹಾಗೆಯೇ ಮಾಡಿ, ಅಲ್ಲಿ ಚಕ್ರವನ್ನು ಆಕ್ಸಲ್‌ನಿಂದ ಬಿಡಿಸುವ ಫ್ರೀ ವೀಲ್ ಹಬ್ ಇದ್ದರೆ ಮೊದಲು ಲಾಕ್ ಮಾಡಬೇಕು. ಎರಡು ಲೆಕ್ಕವೂ ಒಂದೇ ಬರಬೇಕು, ಬರದಿದ್ದರೆ ಅನುಪಾತ ಬೇರೆಯೆಂದೇ ಅರ್ಥ. ಎರಡನ್ನೂ ಇಲ್ಲಿ ಬರೆಯಿರಿ.

ಶೃಂಗೇರಿಯ ಸದಸ್ಯ: ಹಿಂದಿನ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸಬಹುದೇ? ಕೊಳ್ಳುವಾಗಲೇ ಯೋಚಿಸುವುದು ಒಳ್ಳೆಯದಲ್ಲವೇ?

ಕೊಪ್ಪದ ಚಾಲಕ: ಕೆಸರಿನಲ್ಲಿ ಒಂದೇ ಚಕ್ರ ತಿರುಗುವುದನ್ನು ತಪ್ಪಿಸಲು ಡಿಫರೆನ್ಷಿಯಲ್ ಒಳಗಿನ ಹಲ್ಲುಗಳನ್ನು ವೆಲ್ಡ್ ಮಾಡಿಸಿದರೆ ಆಯಿತು. ಇದನ್ನೂ ತಪ್ಪು ಎನ್ನುತ್ತೀರೇನೋ.

ಮೇಸ್ತ್ರಿ: ಎನ್ನುತ್ತೇನೆ. ತಿರುವಿನಲ್ಲಿ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದೇ ಡಿಫರೆನ್ಷಿಯಲ್‌ನ ಕೆಲಸ. ಘಾಟಿಯ ಮೊದಲ ತಿರುವಿನಲ್ಲಿಯೇ ಏಕೆಂದು ನಿಮಗೆ ಗೊತ್ತಾಗುತ್ತದೆ.

ಶಿಕಾರಿಪುರದ ಸದಸ್ಯ: ಎಣ್ಣೆ ಯಾವುದು ಹಾಕಬೇಕು? ಸುಟ್ಟ ಎಂಜಿನ್ ಆಯಿಲ್ ಸಾಕೆಂದು ಇನ್ನೊಂದು ಸಂದೇಶ ಬಂದಿದೆ.

ಮೇಸ್ತ್ರಿ: ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿರುವುದನ್ನು ಹಾಕಿ, ಹೈಪಾಯ್ಡ್ ಕ್ರೌನ್ (ಪಿನಿಯನ್ ನಡುಗೆರೆಯಿಂದ ಸರಿದು ಕೂರುವ ಬಗೆ) ಆಗಿದ್ದರೆ ಸಾಮಾನ್ಯವಾಗಿ ಜಿ.ಎಲ್. 5 ದರ್ಜೆಯ ಗೇರ್ ಆಯಿಲ್. ಸಂದೇಶಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಹೊಸನಗರದ ಭಟ್ಟ: ಎಣಿಸಿದೆ. ಮುಂದೆ ಐದು ಸುತ್ತು ದಾಟಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಹಿಂದೆ ಐದಕ್ಕೆ ಸ್ವಲ್ಪ ಕಡಿಮೆ. ಮಾರಿದವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದರು. ಬಾಗಿದ ಹಳೆಯ ಆಕ್ಸಲ್ ಇನ್ನೂ ಕೊಟ್ಟಿಗೆಯಲ್ಲಿದೆ.

ಮೇಸ್ತ್ರಿ: ಅದನ್ನು ಗುಜರಿಗೆ ಹಾಕದಿದ್ದದ್ದು ಒಳ್ಳೆಯದಾಯಿತು. ಹೌಸಿಂಗ್ ಬಾಗಿದ್ದರೂ ಅದರ ಕ್ರೌನ್ ಪಿನಿಯನ್ ಉಳಿದಿರಬಹುದು. ಹಲ್ಲು ನೆಟ್ಟಗಿದ್ದರೆ ಆ ಜೋಡಿಯನ್ನೇ ಈಗಿನ ಹೌಸಿಂಗಿಗೆ ಇಳಿಸಬಹುದು. ಜೋಡಿಯನ್ನು ಮಾತ್ರ ಒಡೆಯಬೇಡಿ, ಎರಡರ ಮೇಲೂ ಒಂದೇ ಗುರುತಿನ ಸಂಖ್ಯೆ ಕೊರೆದಿರುತ್ತದೆ, ತಾಳೆ ನೋಡಿ. ಹೌಸಿಂಗ್ ಬದಲಾದ ಮೇಲೆ ಅಂತರ ಹೊಂದಿಸುವ ತೆಳು ಬಿಲ್ಲೆಗಳಾದ ಹಳೆಯ ಶಿಮ್‌ಗಳನ್ನೇ ಹಾಕಿದರೆ ಸಾಲದು, ಪಿನಿಯನ್ನಿನ ಆಳವನ್ನೂ ಹಲ್ಲುಗಳ ನಡುವಿನ ಪ್ಲೇಯನ್ನೂ ಡಯಲ್ ಗೇಜ್ ಇಟ್ಟು ಹೊಸದಾಗಿ ಹೊಂದಿಸಬೇಕು. ಕೈಯಲ್ಲಿ ಅಲ್ಲಾಡಿಸಿ ಸರಿಯಿದೆ ಎನ್ನುವವರಿಗೆ ಕೊಡಬೇಡಿ. ಅದಾಗುವ ತನಕ ಮುಂದಿನ ಶಾಫ್ಟನ್ನೇ ಬಿಚ್ಚಿಡಿ, ಮನೆಯಲ್ಲಿ ಬೇರೆ ಯಾರಾದರೂ ಓಡಿಸುವಾಗ ಅಭ್ಯಾಸಬಲದಿಂದ ಲಿವರ್ ಎಳೆದುಬಿಡುತ್ತಾರೆ.

ಶೃಂಗೇರಿಯ ಸದಸ್ಯ: ನನ್ನ ಡಿಸ್ಕ್ ಬ್ರೇಕ್ ಪ್ರಶ್ನೆಗೆ ಉತ್ತರ ಬರಲಿಲ್ಲ.