ಪದಚರ್ಚೆ: ಚರ್ಮರೋಗ ಶಿಬಿರದ ಫಲಕಕ್ಕೆ ಕನ್ನಡ ಪದಗಳು ಬೇಕು, ನಾಳೆ ಮಧ್ಯಾಹ್ನದೊಳಗೆ

ಬದಿಯಡ್ಕದಿಂದ:

ಬಲ್ಲವರಲ್ಲಿ ವಿನಂತಿ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಕಡೆಯ ಆರೋಗ್ಯ ಕೇಂದ್ರವೊಂದರಲ್ಲಿ ಚರ್ಮದ ಕಾಯಿಲೆಗಳ ತಪಾಸಣೆ ಶಿಬಿರ ಇದೆ. ಫಲಕ ಎರಡು ಭಾಷೆಗಳಲ್ಲಿ ಆಗಬೇಕು. ಮಲಯಾಳದ ಪಠ್ಯ ಸಿದ್ಧವಾಗಿ ಬಂದಿದೆ. ಕನ್ನಡದ್ದನ್ನು ಯಾರೋ ಮೊಬೈಲಿನಲ್ಲಿ ಅನುವಾದ ಮಾಡಿಸಿ, ತಿದ್ದುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಅದರಲ್ಲಿ 'ತ್ವಕ್ ವಿಭಾಗ', 'ವೃತ್ತ ತುರಿಕೆ', 'ಪಾಂಡುರೋಗ' ಎಂದೆಲ್ಲ ಇದೆ. ಹೀಗೆಯೇ ತೂಗುಹಾಕಿದರೆ ಅರ್ಥವಾದವರು ನಗುತ್ತಾರೆ, ಅರ್ಥವಾಗದವರು ಬರುವುದೇ ಇಲ್ಲ.

ಮಲಯಾಳದಲ್ಲಿ ಇರುವುದು ಇಷ್ಟು: ಚೊರಿ, ವಟ್ಟಚ್ಚೊರಿ, ಚುಣಂಗ್, ಪಾಂಡ್, ಕರಪ್ಪನ್, ಸೋರಿಯಾಸಿಸ್, ಕುಷ್ಠ. ಒಂದಕ್ಕೆ ಒಂದು ಪದ ಸಾಕು, ವಿವರಣೆಗೆ ಜಾಗವಿಲ್ಲ. ಫ್ಲೆಕ್ಸ್ ಅಂಗಡಿಯವನು ನಾಳೆ ಮಧ್ಯಾಹ್ನದ ಮೇಲೆ ಕಾಯುವುದಿಲ್ಲ ಎಂದಿದ್ದಾನೆ.

ಕುಂಬಳೆಯಿಂದ:

> ಚರ್ಮದ ಕಾಯಿಲೆಗಳ ತಪಾಸಣೆ

ಮೊದಲ ಪದದಲ್ಲಿಯೇ ಎಡವಿದ್ದೀರಿ. 'ಚರ್ಮ' ಸಂಸ್ಕೃತ. ನಮ್ಮದೇ 'ತೊಗಲು' ಇರುವಾಗ ಅದೇಕೆ? ತಮಿಳಿನ ತೋಲ್, ಮಲಯಾಳದ ತೊಲಿ, ತೆಲುಗಿನ ತೋಲು, ಎಲ್ಲವೂ ಒಂದೇ ಬುಡದವು. ತೊಲಿಯನ್ನು ಮನೆಯಲ್ಲಿಟ್ಟುಕೊಂಡು ಅವರು ಸಂಸ್ಕೃತದ ತ್ವಕ್ಕನ್ನು ತಂದು ಆಸ್ಪತ್ರೆಯಲ್ಲಿ ಕೂರಿಸಿದರೆ ಅದು ಅವರ ಇಷ್ಟ. ನೀವು 'ತೊಗಲಿನ ಬೇನೆ' ಎಂದು ಬರೆಯಿರಿ. ಉಳಿದ ಪದಗಳು ಆಮೇಲೆ.

ಪುತ್ತಿಗೆಯಿಂದ:

ಮಾಸ್ತರರೇ, ತೊಗಲಿನ ಡಾಕ್ಟರು ಬರುತ್ತಾರೆ ಎಂದು ಫಲಕ ಹಾಕಿದರೆ ನಮ್ಮೂರಿನವರು ಹರಿದ ಮದ್ದಳೆ ಹೊತ್ತುಕೊಂಡು ಬರುತ್ತಾರೆ, ಮುಚ್ಚಿಗೆ ಹಾಕಿಸಲು. ಸುಲಿದ ಮೇಲೆ ತೊಗಲು, ಮೈಮೇಲೆ ಇರುವಷ್ಟು ಕಾಲ ಚರ್ಮ. ಮುಂದಿನ ಪದಕ್ಕೆ ಹೋಗೋಣ.

ಪೆರ್ಲದಿಂದ:

ಉಳಿದದ್ದು ಹೇಗಾದರೂ ಇರಲಿ, 'ಪಾಂಡುರೋಗ' ಮಾತ್ರ ಅಚ್ಚಾಗಲು ಬಿಡಬೇಡಿ. ಮಲಯಾಳದಲ್ಲಿ ಪಾಂಡ್ ಎಂದರೆ ಚರ್ಮದ ಬಣ್ಣ ಹೋಗಿ ಮೂಡುವ ಬಿಳಿ ಮಚ್ಚೆ. ಕನ್ನಡದಲ್ಲಿ ಪಾಂಡುರೋಗವೆಂದರೆ ರಕ್ತ ಕಡಿಮೆಯಾಗಿ ಮೈ ಬಿಳಿಚಿಕೊಳ್ಳುವುದು. ಆಯುರ್ವೇದದವರ ಬಳಕೆಯೂ ಅದೇ. ಫಲಕ ನೋಡಿ ಬಸುರಿಯರು ಕಬ್ಬಿಣದ ಮಾತ್ರೆಗಾಗಿ ಚರ್ಮದ ಡಾಕ್ಟರ ಮುಂದೆ ಸಾಲು ನಿಲ್ಲುತ್ತಾರೆ. ಬರಬೇಕಾದವರು ಮನೆಯಲ್ಲಿಯೇ ಉಳಿಯುತ್ತಾರೆ.

ಹಾಗೆಂದು 'ತೊನ್ನು' ಹಾಕಿ ಎನ್ನಲಾರೆ. ಅದು ಎಲ್ಲರಿಗೂ ತಿಳಿಯುತ್ತದೆ, ತೊಂದರೆಯೂ ಅದೇ. ಹುಡುಗಿ ನೋಡಲು ಬಂದವರು ಕಾಫಿ ಮುಟ್ಟದೆ ಎದ್ದು ಹೋಗುವ ಪದ ಅದು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅಲ್ಲಲ್ಲಿ ನಾಶವಾಗುತ್ತವೆ, ದೇಹದ ರಕ್ಷಣಾ ವ್ಯವಸ್ಥೆಯೇ ಅವುಗಳ ಮೇಲೆ ತಿರುಗಿಬಿದ್ದಿರುತ್ತದೆ, ಅಷ್ಟೇ. ಮುಟ್ಟಿದರೆ ಹರಡುವುದಿಲ್ಲ. 'ಬಿಳಿ ಮಚ್ಚೆ' ಎಂದು ಬರೆಯಿರಿ.

ಇನ್ನು ಕುಷ್ಠ. ಹಳೆಯ ವೈದ್ಯಗ್ರಂಥಗಳಲ್ಲಿ ಇದು ಒಂದು ರೋಗದ ಹೆಸರಲ್ಲ, ಚರ್ಮರೋಗಗಳ ಇಡೀ ಕುಟುಂಬದ ಹೆಸರು. ಚರಕಸಂಹಿತೆಯಲ್ಲಿ 7 ಮಹಾಕುಷ್ಠ, 11 ಕ್ಷುದ್ರಕುಷ್ಠ, ಒಟ್ಟು 18. ಹುಳುಕಡ್ಡಿಯಂಥ ದದ್ರುವೂ ಅದರಲ್ಲಿದೆ, ಕಜ್ಜಿಯಂಥ ಪಾಮಾ ಕೂಡ ಇದೆ. ಈಗ ಆ ಪದ ನಿಂತಿರುವುದು 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆಗೆ ಮಾತ್ರ. ಆದರೂ ಸೋರಿಯಾಸಿಸ್‌ಗೆ 'ಏಕಕುಷ್ಠ' ಎಂದು ಚೀಟಿಯಲ್ಲಿ ಬರೆದುಕೊಡುವ ವೈದ್ಯರು ಇದ್ದಾರೆ. ಅವರ ಶಾಸ್ತ್ರದ ಮಟ್ಟಿಗೆ ಅದು ಸರಿಯೇ. ಚೀಟಿ ಓದಿದ ಮನೆಯವರು ರೋಗಿಯ ತಟ್ಟೆಲೋಟ ಬೇರೆ ಇಡುತ್ತಾರೆ.

ಫಲಕದಲ್ಲಿ ಕುಷ್ಠ ಎಂದು ಹಾಕಿದರೆ ಊರವರ ಕಣ್ಣೆದುರು ಆ ಸಾಲಿನಲ್ಲಿ ಯಾರು ನಿಲ್ಲುತ್ತಾರೆ? ಹೆಸರು ಬಿಟ್ಟು ಲಕ್ಷಣ ಬರೆಯಿರಿ: 'ತುರಿಸದ, ನೋಯದ, ಮುಟ್ಟಿದರೆ ತಿಳಿಯದ ಮಚ್ಚೆ'. ತುರಿಸುವವನು ತಾನಾಗಿಯೇ ಬರುತ್ತಾನೆ, ತುರಿಸದವನನ್ನು ಕರೆಯಬೇಕು. ಕಾಯಿಲೆ ಖಚಿತವಾದರೆ ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಆರು ತಿಂಗಳು ಅಥವಾ ಒಂದು ವರ್ಷ ಬಿಡದೆ ತೆಗೆದುಕೊಂಡರೆ ವಾಸಿಯಾಗುತ್ತದೆ.

ಉಳಿದವು ಸುಲಭ. ಚೊರಿ ಕಜ್ಜಿ. ವಟ್ಟಚ್ಚೊರಿ ಹುಳುಕಡ್ಡಿ. ಚುಣಂಗ್ ಚಿಬ್ಬು, ಕೆಲವರ ಬಾಯಲ್ಲಿ ಸಿಬ್ಬ. ಕರಪ್ಪನ್‌ಗೆ ಇಸುಬು. ಸೋರಿಯಾಸಿಸ್ ಸೋರಿಯಾಸಿಸ್ಸೇ.

ಬೆಂಗಳೂರಿನಿಂದ:

'ಹುಳುಕಡ್ಡಿ' ಅವೈಜ್ಞಾನಿಕ. ಅದರಲ್ಲಿ ಹುಳವೇ ಇಲ್ಲ. 'ಶಿಲೀಂಧ್ರ ಸೋಂಕು' ಎಂಬುದು ಸರಿಯಾದ ಪದ. ಜನರ ತಪ್ಪು ತಿಳಿವಳಿಕೆಗೆ ಸಾರ್ವಜನಿಕ ಫಲಕದಲ್ಲಿ ಮುದ್ರೆ ಒತ್ತಬಾರದು.

ಪೆರ್ಲದಿಂದ:

ಹುಳವಿಲ್ಲ ಎಂಬುದು ನನಗೂ ತಿಳಿದಿದೆ, ಸ್ವಾಮಿ. ತಮಾಷೆಯೆಂದರೆ ಹೆಸರಿನಲ್ಲಿ ಹುಳವಿಲ್ಲದ ಕಜ್ಜಿಯಲ್ಲಿ ನಿಜಕ್ಕೂ ಜೀವಿ ಇದೆ. ಅರ್ಧ ಮಿಲಿಮೀಟರೂ ಇಲ್ಲದ ನುಸಿ, ಹೆಣ್ಣು ನುಸಿ ಚರ್ಮದೊಳಗೆ ಸುರಂಗ ತೋಡಿ ಮೊಟ್ಟೆಯಿಡುತ್ತದೆ. ರಾತ್ರಿ ತುರಿಕೆ ಹೆಚ್ಚು. ಮನೆಮಂದಿಯೆಲ್ಲ ಒಟ್ಟಿಗೆ ಮುಲಾಮು ಹಚ್ಚಿಕೊಳ್ಳದಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ತಿರುಗುತ್ತಲೇ ಇರುತ್ತದೆ. ವಿಜ್ಞಾನಕ್ಕೆ ತಕ್ಕಂತೆ ಹೆಸರಿಡಲು ಹೊರಟರೆ ಈ ಎರಡರ ಹೆಸರನ್ನೂ ಅದಲುಬದಲು ಮಾಡಬೇಕಾಗುತ್ತದೆ.

ಮೊನ್ನೆ ಅಡಕೆ ಸುಲಿಯುವ ಕೆಲಸದವರೊಬ್ಬರು ಲುಂಗಿಯ ಅಂಚು ಸರಿಸಿ ತೋರಿಸಿದರು. ತೊಡೆಯ ಸಂದಿಯಿಂದ ಹೊರಟು ಅಂಗೈಗಿಂತ ಅಗಲವಾಗಿತ್ತು. ಅಂಚು ಕೆಂಪಾಗಿ ಉಬ್ಬಿ ಹೊಟ್ಟು ಎದ್ದಿತ್ತು, ನಡುವೆ ಮಾಸಿದ ಕಂದು ಬಣ್ಣ. ಅಂಗಿಯ ಜೇಬಿನಿಂದ ಬುಡದಿಂದ ಸುರುಳಿ ಸುತ್ತಿದ ಟ್ಯೂಬೊಂದನ್ನು ತೆಗೆದು ಮೇಜಿನ ಮೇಲಿಟ್ಟರು: "ಇದೇ ಆಗಬೇಕು, ಹುಳುಕಡ್ಡಿಗೆ ಒಳ್ಳೆಯದು." ಸ್ಟೀರಾಯ್ಡ್ ಬೆರೆಸಿದ ಮುಲಾಮು. ಹಚ್ಚಿದ ಕೂಡಲೇ ತುರಿಕೆ ಇಳಿಯುತ್ತದೆ, ಬೂಷ್ಟು ಒಳಗೊಳಗೆ ಹಬ್ಬುತ್ತದೆ, ಬಿಟ್ಟರೆ ಮೊದಲಿಗಿಂತ ಜೋರಾಗಿ ಏಳುತ್ತದೆ. ಇಂಥವರನ್ನು ಮದ್ದಿನ ಅಂಗಡಿಯಿಂದ ಶಿಬಿರದ ಕಡೆಗೆ ತಿರುಗಿಸುವುದೇ ಈ ಫಲಕದ ಕೆಲಸ. ಅವರು ಬಾಯಿಬಿಟ್ಟು ಹೇಳುವ ಪದ ಫಲಕದಲ್ಲಿರಬೇಕು. 'ಶಿಲೀಂಧ್ರ'ವನ್ನು ನಿಮ್ಮ ಪದಕೋಶದಲ್ಲಿ ಇಟ್ಟುಕೊಳ್ಳಿ.

ತಾಳವಾಡಿಯಿಂದ:

ಡಾಕ್ಟರಮ್ಮನವರ 'ಬಿಳಿ ಮಚ್ಚೆ'ಗೆ ನನ್ನದೊಂದು ಅನುಮೋದನೆ. ತಮಿಳಿನಲ್ಲಿ ಅದನ್ನು 'ವೆಣ್ ಕುಷ್ಠಂ', ಅಂದರೆ ಬಿಳಿ ಕುಷ್ಠ, ಎನ್ನುತ್ತಿದ್ದರು. ತಮ್ಮದಲ್ಲದ ರೋಗದ ಹೆಸರು ಹೊತ್ತು ಸಾಕಾದವರೇ ಬೆನ್ನುಹತ್ತಿ ಅದನ್ನು 'ವೆಣ್‌ಪುಳ್ಳಿ' ಎಂದು, ಅಂದರೆ ಬಿಳಿ ಚುಕ್ಕೆ ಎಂದು, ಸರಕಾರದಿಂದಲೇ ಬದಲಾಯಿಸಿಕೊಂಡರು. ಕನ್ನಡದಲ್ಲಿ ಯಾರೂ ಆ ಗೋಜಿಗೆ ಹೋಗಿಲ್ಲ.

ಅಕ್ಕಲಕೋಟೆಯಿಂದ:

ಇಸುಬು ಎಂದಿರಲ್ಲ, ಮರಾಠಿಯಲ್ಲಿಯೂ ಅದು ಇಸಬ್. ಹುಳುಕಡ್ಡಿ ನಮ್ಮ ಕಡೆ ನಡೆಯುವುದಿಲ್ಲ, ಗಜಕರ್ಣ ಎನ್ನುತ್ತೇವೆ. ಅದೂ ಮರಾಠಿಯವರ ಜೊತೆ ಹಂಚಿಕೊಂಡದ್ದು. ಕುಂಬಳೆಯ ಗುರುಗಳ ತಕ್ಕಡಿಯಲ್ಲಿ ತೂಗಿದರೆ ಸೊಲ್ಲಾಪುರ ಸೀಮೆಯ ಕನ್ನಡಿಗನಿಗೆ ಮೈ ತುರಿಸಿಕೊಳ್ಳುವ ಹಕ್ಕೇ ಇಲ್ಲ.

ಕುಂಬಳೆಯಿಂದ:

ಕುಹಕ ಬೇಡ. ಗಡಿಯಲ್ಲಿ ಕುಳಿತವರು ಪದ ಬಿಟ್ಟುಕೊಡುತ್ತಾ ಹೋದರೆ ಉಳಿಯುವುದೇನು? ಬೇಡಡ್ಕ ಎಂಬ ಊರು ಕಣ್ಣೆದುರಿಗೆ ಬೇಡಕಂ ಆಯಿತು. ಮಕ್ಕಳು ಶಾಲೆಯಿಂದ ಬಂದು 'ಚೊರಿಯುತ್ತದೆ' ಎನ್ನುತ್ತಿದ್ದಾರೆ, ತುರಿಸುತ್ತದೆ ಎನ್ನುವುದಿಲ್ಲ. ಮಲಯಾಳ ಬಂದರೆ ಬೊಬ್ಬೆ ಹಾಕುವ ನಾವು ಸಂಸ್ಕೃತ ಬಂದರೆ ತೋರಣ ಕಟ್ಟುತ್ತೇವೆ. ಕಜ್ಜಿ, ಸಿಬ್ಬ, ದದ್ದು, ಬಂಗು, ಎಷ್ಟು ಚೆಂದದ ಅಚ್ಚಗನ್ನಡ ಪದಗಳು ಇವು! ಇವುಗಳ ತಲೆಯ ಮೇಲೆ 'ಚರ್ಮ' ಎಂದು ಬರೆಯಲು ಕೈ ಹೇಗೆ ಬರುತ್ತದೆ?

ಮಂಜೇಶ್ವರದಿಂದ:

ಮಾಸ್ತರರೇ, ನಾಲ್ಕು ಪದ ಎತ್ತಿಕೊಂಡಿರಿ, ನಾಲ್ಕೂ ಸಂಸ್ಕೃತದ ಮಕ್ಕಳು. ಖರ್ಜು ಪ್ರಾಕೃತದಲ್ಲಿ ಖಜ್ಜು ಆಗಿ ನಮ್ಮಲ್ಲಿ ಕಜ್ಜಿಯಾಯಿತು. ಅಕ್ಕಲಕೋಟೆಯವರ ಮರಾಠಿಯಲ್ಲಿ ಅದೇ ಖರೂಜ್. ಸಿಧ್ಮ ಸಿಬ್ಬವಾಯಿತು. ವ್ಯಂಗ ಬಂಗು ಆಯಿತು. ದದ್ರು ದದ್ದಾಯಿತು, ಅರ್ಥವೂ ಜಾರಿತು: ಮೂಲದಲ್ಲಿ ಹುಳುಕಡ್ಡಿ, ನಮ್ಮಲ್ಲಿ ಮೈಮೇಲೆ ಏಳುವ ಯಾವುದೇ ಕೆಂಪು ಗಾದರಿ. ಆಟಿ ತಿಂಗಳಲ್ಲಿ ತಜಂಕ್ ಎಂದು ಪಲ್ಯ ಮಾಡುತ್ತೇವಲ್ಲ, ಆ ತಗಚೆ ಗಿಡಕ್ಕೆ ಸಂಸ್ಕೃತದಲ್ಲಿ ದದ್ರುಘ್ನ ಎಂದೇ ಹೆಸರು, ದದ್ರುವನ್ನು ಕೊಲ್ಲುವುದು ಎಂದು. ಸಂಸ್ಕೃತ ಪದಗಳು ಕನ್ನಡದಲ್ಲಿ ರೂಪ ಬದಲಿಸುವ ಬಗೆಯನ್ನು ಹೇಳುವ ಅಪಭ್ರಂಶ ಪ್ರಕರಣವನ್ನು ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಸುಮ್ಮನೆ ಬರೆಯಲಿಲ್ಲ.

ಪಟ್ಟಿಯಲ್ಲಿ ಒಂದು ಪದ ಬಿಟ್ಟುಹೋಗಿದೆ: ಸರ್ಪಸುತ್ತು. ಇದನ್ನು ಮೂಢನಂಬಿಕೆಯ ಪದವೆಂದು ಮೂಗು ಮುರಿಯುವವರಿದ್ದಾರೆ. ಡಾಕ್ಟರುಗಳು ಬರೆಯುವ 'ಹರ್ಪಿಸ್ ಜೋಸ್ಟರ್' ಏನು ಮಹಾ? ಗ್ರೀಕಿನಲ್ಲಿ ಹರ್ಪೈನ್ ಎಂದರೆ ತೆವಳು. ಸಂಸ್ಕೃತದ ಸೃಪ್ ಧಾತು ಅದರ ಒಡಹುಟ್ಟು, ಸರ್ಪ ಬಂದದ್ದು ಅದರಿಂದಲೇ. ಜೋಸ್ಟರ್ ಎಂದರೆ ನಡುಪಟ್ಟಿ, ಸುತ್ತು. ಎರಡೂ ಕಡೆಯವರು ಕಂಡದ್ದು ಒಂದನ್ನೇ. ನಮ್ಮದನ್ನು ಅಜ್ಜಿಯರು ಹೇಳಿದರು ಎಂಬುದಷ್ಟೇ ತಪ್ಪು.

ಪೆರ್ಲದಿಂದ:

ವ್ಯುತ್ಪತ್ತಿ ಸೊಗಸಾಗಿದೆ. ಆದರೆ ನಮ್ಮಲ್ಲಿ ಸರ್ಪಸುತ್ತು ಎಂದ ಕೂಡಲೇ ಕಾಲು ಹೋಗುವುದು ಜೋಯಿಸರ ಮನೆಗೆ. ತಲೆಯೂ ಬಾಲವೂ ಸೇರಿದರೆ ಪ್ರಾಣ ಹೋಗುತ್ತದೆ ಎಂದು ಹೆದರಿ ಕೆಮ್ಮಣ್ಣು ಹಚ್ಚಿಕೊಂಡು ಕೂರುತ್ತಾರೆ. ಎಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಸ್ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದಾಗ ಒಂದು ನರದ ದಾರಿ ಹಿಡಿದು ಮೇಲೆ ಬರುತ್ತದೆ. ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಏಳುತ್ತದೆ, ನಡುಗೆರೆ ದಾಟುವುದಿಲ್ಲ. ಹಾಗಾಗಿ ಆ ತಲೆಬಾಲ ಸೇರುವ ಭಯಕ್ಕೆ ಆಧಾರವಿಲ್ಲ. ಗುಳ್ಳೆ ಎದ್ದ 72 ಗಂಟೆಗಳೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ತಡವಾದರೆ ಗುಳ್ಳೆ ಮಾಸಿದ ಮೇಲೂ ತಿಂಗಳುಗಟ್ಟಲೆ ಉರಿ ಉಳಿಯುವವರಿದ್ದಾರೆ. ಪದ ಹಾಕುವುದಾದರೆ 'ಶಿಬಿರದ ದಿನಕ್ಕೆ ಕಾಯದೆ ಈಗಲೇ ಆಸ್ಪತ್ರೆಗೆ ಹೋಗಿ' ಎಂದೂ ಹಾಕಿ. ಇಲ್ಲವಾದರೆ ಪದವೂ ಬೇಡ.

ಕುಂಬಳೆಯಿಂದ:

> ನಾಲ್ಕೂ ಸಂಸ್ಕೃತದ ಮಕ್ಕಳು

ತದ್ಭವ ಆದ ಮೇಲೆ ಅದು ಕನ್ನಡವೇ. ಅರಗಿಸಿಕೊಂಡದ್ದು ಬೇರೆ, ಹಾಗೆಯೇ ನುಂಗಿದ್ದು ಬೇರೆ. 'ಚರ್ಮ' ಇನ್ನೂ ಅರಗಿಲ್ಲ, ಅರ್ಕಾವತ್ತು ಗಂಟಲಿಗೆ ಸಿಕ್ಕಿಕೊಂಡಿದೆ.

ಪುತ್ತಿಗೆಯಿಂದ:

ನನ್ನ ಅಜ್ಜಿಗೆ ಸಿಕ್ಕಿಕೊಂಡಿರಲಿಲ್ಲ. 'ಚರುಮ' ಎನ್ನುತ್ತಿದ್ದರು. ಅರಗಿತಲ್ಲ?

ಬದಿಯಡ್ಕದಿಂದ:

ಎಲ್ಲರಿಗೂ ವಂದನೆಗಳು. ಅಂಗಡಿಯವನು ಎರಡು ಸಲ ಫೋನು ಮಾಡಿದ ಕಾರಣ ಕೆಳಗಿನ ಪಠ್ಯ ಕಳುಹಿಸಿಬಿಟ್ಟೆ:

'ಚರ್ಮದ ಕಾಯಿಲೆಗಳ ಉಚಿತ ತಪಾಸಣೆ ಶಿಬಿರ. ಕಜ್ಜಿ, ಹುಳುಕಡ್ಡಿ, ಚಿಬ್ಬು, ಇಸುಬು, ಸೋರಿಯಾಸಿಸ್, ಬಿಳಿ ಮಚ್ಚೆ. ತುರಿಸದ, ನೋಯದ, ಮುಟ್ಟಿದರೆ ತಿಳಿಯದ ಮಚ್ಚೆ ಇರುವವರು ತಪ್ಪದೆ ಬನ್ನಿ. ಸರ್ಪಸುತ್ತು ಎದ್ದವರು ಶಿಬಿರಕ್ಕೆ ಕಾಯದೆ ಈಗಲೇ ಆಸ್ಪತ್ರೆಗೆ ಹೋಗಿ.'

ಮಲಯಾಳದ್ದಕ್ಕಿಂತ ಒಂದು ಸಾಲು ಉದ್ದವಾಯಿತು ಎಂದು ಅಲ್ಲಿಯವರಿಂದ ಆಕ್ಷೇಪ ಬಂದಿದೆ. ನಿಮ್ಮ ಪಠ್ಯಕ್ಕೂ ಈ ಸಾಲುಗಳನ್ನು ಸೇರಿಸಿ ಎಂದೆ. ಡಾಕ್ಟರಮ್ಮ, ಅವರಿಗೆ ಮಲಯಾಳದಲ್ಲಿ ಬರೆದುಕೊಡಲು ನಿಮ್ಮ ಹೆಸರು ಹೇಳಿದ್ದೇನೆ, ಬೇಸರಿಸಬೇಡಿ.

ಕುಂಬಳೆಯಿಂದ:

'ಉಚಿತ' ಸಂಸ್ಕೃತ. 'ಶಿಬಿರ' ಸಂಸ್ಕೃತ. 'ತಪಾಸಣೆ' ಮರಾಠಿ. ಫ್ಲೆಕ್ಸ್ ಇಂಗ್ಲಿಷ್. ಶುಭವಾಗಲಿ.

ಪುತ್ತಿಗೆಯಿಂದ:

ಮಾಸ್ತರರೇ, 'ಶುಭ' ಯಾವ ಭಾಷೆಯದು?