ರಾಗಿ ಬುಡದಲ್ಲಿ ಇರುವೆ, ಪೈರು ಹಳದಿ: ಇದು ಬೇರು ಹೇನೇ?

ಪ್ರಶ್ನೆ: ಮಳೆ ಆಶ್ರಯದ ರಾಗಿ, ಬಿತ್ತಿ 35 ದಿನ. ಪೈರು ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಹಳದಿಯಾಗಿ ಗಿಡ್ಡಕ್ಕೆ ನಿಂತಿದೆ, ತೆಂಡೆ ಒಡೆಯುತ್ತಿಲ್ಲ. ಯೂರಿಯಾಕ್ಕೂ ಜಗ್ಗಲಿಲ್ಲ. ಬುಡದಲ್ಲಿ ಇರುವೆ ಇವೆ, ಆದರೆ ಕಿತ್ತು ನೋಡಿದರೆ ಬೇರಲ್ಲಿ ಏನೂ ಕಾಣದು. ತಿಳಿದವರು ಹೇಳಿ.

ಉತ್ತರ 1: ಕಿತ್ತರೆ ಕಾಣುವುದಿಲ್ಲ, ಹೇನು ಮಣ್ಣಲ್ಲೇ ಉದುರಿಹೋಗುತ್ತದೆ. ತೇಪೆಯ ನಡುವೆ ಒಣಗಿದ ಗಿಡ ಬಿಡಿ, ಅಲ್ಲಿಂದ ಅದು ಆಗಲೇ ಜಾಗ ಖಾಲಿ ಮಾಡಿರುತ್ತದೆ. ಅಂಚಿನಲ್ಲಿ ಈಗಷ್ಟೇ ಬಾಡುತ್ತಿರುವ ಗಿಡವನ್ನು ಗುದ್ದಲಿಯಿಂದ ಹೆಂಟೆ ಸಮೇತ ಎತ್ತಿ ಬಿಳಿ ಹಾಳೆಯ ಮೇಲೆ ಮೆಲ್ಲಗೆ ಒಡೆಯಿರಿ. ಸುಮಾರು 2 ಮಿ.ಮೀ. ಗಾತ್ರದ, ಬೂದಿ ಸವರಿದಂತಿರುವ ಗುಂಡನೆಯ ಹುಳ ಸಿಕ್ಕರೆ ಅದೇ. ರಾಗಿಯಲ್ಲಿ ಹೆಚ್ಚಾಗಿ ಕಾಣುವುದು ಟೆಟ್ರಾನ್ಯೂರಾ ನೈಗ್ರಿಅಬ್ಡಾಮಿನಾಲಿಸ್. ಬೇರು ಕತ್ತರಿಸಿದ್ದರೆ ಗೊಣ್ಣೆಹುಳು, ಬುಡಕ್ಕೆ ಮಣ್ಣು ಮೆತ್ತಿ ಒಳಗೆ ಟೊಳ್ಳು ಮಾಡಿದ್ದರೆ ಗೆದ್ದಲು. ಬೇರು ಹೇನು ಬೇರನ್ನು ಕಡಿಯುವುದಿಲ್ಲ, ರಸ ಹೀರುತ್ತದೆ ಅಷ್ಟೆ.

ಉತ್ತರ 2: ಖಚಿತವಾದ ಮೇಲೆ ಔಷಧಿಯನ್ನು ಎಲೆಗೆ ಹೊಡೆಯಬೇಡಿ. ಅಂತರ್ವ್ಯಾಪಿ ಔಷಧಿ ನೀರಿನ ಜೊತೆ ಮೇಲಕ್ಕೆ ಏರುತ್ತದೆ, ಎಲೆಯಿಂದ ಬೇರಿಗೆ ಇಳಿಯುವುದು ತೀರಾ ಕಡಿಮೆ. ಹೆಚ್ಚಿನವರು ಎಡವುವುದು ಇಲ್ಲೇ. ರಾಗಿಗೆ ಇರುವ ಶಿಫಾರಸು ಡೈಮಿಥೋಯೇಟ್ 30 ಇಸಿ, ಲೀಟರ್ ನೀರಿಗೆ 3 ಮಿ.ಲೀ. ನಿಮ್ಮಲ್ಲಿ ಈ ಬೆಳೆಗೆ ಅನುಮತಿ ಇದೆಯೇ, ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಎಂದು ಲೇಬಲ್ ನೋಡಿಕೊಳ್ಳಿ. ಪಂಪಿನ ನಾಜಲ್ ಬಿಚ್ಚಿ ಬುಡಕ್ಕೇ ಸುರಿಯಿರಿ. ತೇಪೆಯೊಳಗೆ ಮಾತ್ರ ಸಾಲದು, ಸುತ್ತ ಹಸಿರಾಗಿ ಕಾಣುವ ಗಿಡಗಳಿಗೂ ಬೇಕು. ಮಣ್ಣು ಒಣಗಿದ್ದರೆ ಮೊದಲು ನೀರು ಕೊಡಿ, ಇಲ್ಲವಾದರೆ ದ್ರಾವಣ ಮೇಲ್ಮಣ್ಣಲ್ಲೇ ಇಂಗಿ ಉಳಿಯುತ್ತದೆ. ಒಂದೆರಡು ಕಡೆ ಬಗೆದು, ಬೇರಿನ ಆಳದವರೆಗೆ ತೇವ ಇಳಿದಿದೆಯೇ ನೋಡಿ. ಆ ಜಾಗದ ಹಸಿಮೇವು ದನಕ್ಕೆ ಹಾಕಬೇಡಿ.

ಉತ್ತರ 3: ಇರುವೆಗೆ ಪುಡಿ ಎರಚಿ ಸುಮ್ಮನಾಗುವವರಿದ್ದಾರೆ. ಇರುವೆ ಅಲ್ಲಿರುವುದು ಹೇನು ಸುರಿಸುವ ಸಿಹಿ ಅಂಟಿಗಾಗಿ. ಬೇರಿನ ಗುಂಟ ದಾರಿ ಕೊರೆದುಕೊಟ್ಟು, ಹೇನನ್ನು ಹೊಸ ಬೇರಿಗೆ ಹೊತ್ತೊಯ್ಯುವುದೂ ಅದೇ. ಎಡೆಕುಂಟೆ ಹೊಡೆದರೆ ಗೂಡೂ ಒಡೆಯುತ್ತದೆ, ಕಳೆಯೂ ಹೋಗುತ್ತದೆ.

ಉತ್ತರ 4: ಮುಂದಿನ ಬೆಳೆಗೆ ದ್ವಿದಳ ಧಾನ್ಯ ಹಾಕಿ, ಹೇನು ತಾನಾಗಿ ಹೋಗುತ್ತದೆ.

ಉತ್ತರ 5: ಮೇಲಿನ ಮಾತು ಅರ್ಧ ಸರಿ. ಬದುವಿನಲ್ಲಿ ಗರಿಕೆ, ಹೊಲದಲ್ಲಿ ಕೂಳೆ ಉಳಿದರೆ ಹೇನಿಗೆ ಅದೇ ಮನೆ. ಬೆಚ್ಚಗಿನ ಸೀಮೆಯಲ್ಲಿ ಗಂಡಿಲ್ಲದೆ, ಮೊಟ್ಟೆಯೂ ಇಡದೆ, ನೇರ ಮರಿ ಹಾಕುತ್ತ ವರ್ಷವಿಡೀ ಇರಬಲ್ಲದು. ಇನ್ನೊಂದು, ಭತ್ತದ ಬೇರು ಹೇನು ಎನ್ನುವ ರೋಪಾಲೋಸೈಫಮ್ ರುಫಿಅಬ್ಡಾಮಿನೇಲ್: ಹಸಿರು ಮೈ, ಹಿಂಭಾಗ ಕೆಂಪು. ಇದು ಆಲೂಗಡ್ಡೆ, ಟೊಮೆಟೊ ಬೇರಿನಲ್ಲೂ ಬದುಕುತ್ತದೆ. ಹಾಗಾಗಿ ಪರ್ಯಾಯ ಬೆಳೆ ಆರಿಸುವ ಮೊದಲು ಯಾವ ಹೇನು ಎಂದು ಗುರುತಿಸಿ. ಗೋಧಿ, ಬಾರ್ಲಿಗೆ ಹಳದಿ ಕುಬ್ಜ ನಂಜನ್ನೂ (ವೈರಸ್ ರೋಗ) ಈ ಭತ್ತದ ಹೇನು ಅಂಟಿಸುತ್ತದೆ. ನಂಜು ಹತ್ತಿದ ಗಿಡ ಹೇನು ಸತ್ತರೂ ಸುಧಾರಿಸದು. ನೀರು ನಿಲ್ಲುವ ಗದ್ದೆಯಲ್ಲಿ ಈ ಹೇನಿನ ಕಾಟವಿಲ್ಲ, ಒಣಭೂಮಿ ಭತ್ತಕ್ಕೇ ಬರುವುದು.

ಪ್ರಶ್ನೆ ಕೇಳಿದವರು: ಈಗ ಹಳದಿಯಾದ ಪೈರು ಚೇತರಿಸುತ್ತದೆಯೇ?

ಉತ್ತರ 2: ಸುಳಿ ಹಸಿರಿದ್ದರೆ ಆಸೆಯಿದೆ. ಹಳೆಯ ಎಲೆ ನೋಡಬೇಡಿ, ಅದು ಹಳದಿಯಾಗೇ ಇರುತ್ತದೆ. ಬುಡಕ್ಕೆ ಹಸಿಮಣ್ಣು ಏರಿಸಿ, ಕೆಳಗಿನ ಗೆಣ್ಣಿನಿಂದ ಹೊಸ ಬಿಳಿ ಬೇರು ಬರಲಿ. ಯೂರಿಯಾ ಆಮೇಲೆ.